ಹಳೆಯ ಯುಜಿಡಿ (ಒಳಚರಂಡಿ) ಪಂಪ್‌ಹೌಸ್: ಹೊಸ ಪಂಪ್ ಕೊಳ್ಳುವ ಮೊದಲು ಏನು ಅಳೆಯಬೇಕು, ಆಮೇಲೆ ಏನು ಬದಲಿಸಬೇಕು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಜೆಇಗಳು (ಜೂನಿಯರ್ ಎಂಜಿನಿಯರ್‌ಗಳು) ಮತ್ತು ಪಂಪ್‌ಹೌಸ್ ನೋಡಿಕೊಳ್ಳುವವರು ಮತ್ತೆ ಮತ್ತೆ ಹೇಳುವ ಕಷ್ಟ ಒಂದೇ. ಪಂಪ್ ಹಳೆಯದಾಯ್ತು ಅಂತ ಜಾಸ್ತಿ ಎಚ್‌ಪಿಯ ಹೊಸ ಪಂಪ್ ಹಾಕಿಸುತ್ತಾರೆ. ಮುಂದಿನ ಮಳೆಗಾಲಕ್ಕೆ ಅದೇ ಬಡಾವಣೆಯ ಅದೇ ಮ್ಯಾನ್‌ಹೋಲ್ ಉಕ್ಕುತ್ತದೆ. ಕರೆಂಟ್ ಬಿಲ್ ಮಾತ್ರ ಏರಿರುತ್ತದೆ.

ಇದಕ್ಕೆ ಕಾರಣ, ತೊಂದರೆ ಪಂಪಿನಲ್ಲಿದೆಯೋ ಪೈಪಿನಲ್ಲಿದೆಯೋ ಅಂತ ಯಾರೂ ಅಳೆದು ನೋಡಿರುವುದಿಲ್ಲ. ಆ ಅಳತೆಗೆ ದೊಡ್ಡ ಯಂತ್ರ ಬೇಡ. ಒಂದು ಟೇಪು, ಒಂದು ಗಡಿಯಾರ, ಒಂದು ಪ್ರೆಶರ್ ಗೇಜ್ ಸಾಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಎಸ್ಟಿಮೇಟೂ ತಪ್ಪುತ್ತದೆ.

1. ಯಾರೂ ಬಾವಿಗೆ ಇಳಿಯದ ಹಾಗೆ ಕೆಲಸ ಜೋಡಿಸಿ

ವೆಟ್‌ವೆಲ್, ಅಂದರೆ ಕೊಳಚೆ ನೀರು ಬಂದು ಸೇರುವ ಪಂಪ್‌ಹೌಸಿನ ಬಾವಿ, ಗ್ಯಾಸ್ ಕಟ್ಟುವ ಜಾಗ. ಕೊಳೆತ ಮೊಟ್ಟೆಯ ವಾಸನೆ ಬರುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ಅದು ತಳದಲ್ಲೇ ನಿಲ್ಲುತ್ತದೆ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ದಾಟಿದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. "ವಾಸನೆ ಹೋಯ್ತು, ಇನ್ನು ಇಳೀಬಹುದು" ಅಂದುಕೊಂಡು ಇಳಿದವರು ಮೇಲೆ ಬಂದಿಲ್ಲ.

ನಾಲ್ಕು ಗ್ಯಾಸ್ ತೋರಿಸುವ ಮೀಟರನ್ನು ಹಗ್ಗ ಕಟ್ಟಿ ಇಳಿಸಿ. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ನೋಡಿ. ಆಮ್ಲಜನಕ 19.5ರಿಂದ 23.5 ಶೇಕಡಾ ಒಳಗಿರಬೇಕು. ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂಗಿಂತ ಕಡಿಮೆ ಇರಬೇಕು. ಉರಿಯುವ ಗ್ಯಾಸ್ ಸ್ಫೋಟದ ಕೆಳಮಿತಿಯ 10 ಶೇಕಡಾ ದಾಟಬಾರದು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಬಾರದು. ಈಗ ಸರಿಯಿದೆ ಅಂದರೆ ಇನ್ನರ್ಧ ಗಂಟೆಗೂ ಸರಿ ಇರುತ್ತದೆ ಅಂತಲ್ಲ. ತಳದ ಕೆಸರು ಕದಡಿದ ಕ್ಷಣ ಗ್ಯಾಸ್ ಏಳುತ್ತದೆ.

ಈ ಲೇಖನದ ಎಲ್ಲ ಅಳತೆಗಳನ್ನೂ ಮೇಲೆ ನಿಂತೇ ಮಾಡಬಹುದು. ಪಂಪನ್ನು ಚೈನ್ ಪುಲ್ಲಿಯಿಂದ ಎತ್ತಿ, ಹೂಳನ್ನು ಸಕ್ಕಿಂಗ್ ಮಷಿನ್‌ನಿಂದ ತೆಗೆಸಿ. ಸುರಕ್ಷತಾ ಸಲಕರಣೆ ಇಲ್ಲದೆ ಮನುಷ್ಯರನ್ನು ಚರಂಡಿಗೆ ಇಳಿಸುವುದನ್ನು 2013ರ ಮ್ಯಾನುಯಲ್ ಸ್ಕ್ಯಾವೆಂಜಿಂಗ್ ತಡೆ ಕಾಯ್ದೆ ನಿಷೇಧಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಪೌರಕಾರ್ಮಿಕರ ಜೀವ ಹೋದ ಮೇಲೆ ಯಾವ ಮೊತ್ತವೂ ಅದನ್ನು ತುಂಬಿಕೊಡುವುದಿಲ್ಲ. ಗುತ್ತಿಗೆದಾರ "ಐದೇ ನಿಮಿಷ ಸರ್" ಅಂದರೂ ಬೇಡ ಅನ್ನಿ.

2. ಸಾಮಾನು ಮತ್ತು ಕಾಗದ

ಬೇಕಾದ ಸಾಮಾನು ಇಷ್ಟು: ಉದ್ದದ ಟೇಪು, ಬಾವಿಗೆ ಇಳಿಬಿಡಲು ಅಳತೆ ಗುರುತಿರುವ ಕೋಲು, ಸ್ಟಾಪ್‌ವಾಚ್, 0ರಿಂದ 4 ಕೆಜಿಯ ಪ್ರೆಶರ್ ಗೇಜ್, ಟಾಂಗ್ ಟೆಸ್ಟರ್ (ಆಂಪ್ಸ್ ಅಳೆಯುವ ಮೀಟರ್), 500 ವೋಲ್ಟ್ ಮೆಗ್ಗರ್ (ವೈಂಡಿಂಗ್‌ನ ಇನ್ಸುಲೇಶನ್ ನೋಡುವ ಮೀಟರ್), ಗ್ಯಾಸ್ ಮೀಟರ್, ಟಾರ್ಚ್. ಗೇಜ್ ಡಯಾಫ್ರಾಮ್ ಇರುವಂಥದ್ದೇ ಇರಲಿ. ಮಾಮೂಲಿ ಗೇಜಿನ ಬಾಯಿ ಕೊಳಚೆ ನೀರಿಗೆ ಬೇಗ ಕಟ್ಟಿಕೊಂಡು ಸುಳ್ಳು ಹೇಳುತ್ತದೆ.

ಕಾಗದದಲ್ಲಿ ಒಂದು ವರ್ಷದ ಜೆಸ್ಕಾಂ ಕರೆಂಟ್ ಬಿಲ್, ಆಪರೇಟರ್ ಲಾಗ್‌ಬುಕ್, ಪಂಪಿನ ನೇಮ್‌ಪ್ಲೇಟ್ ಫೋಟೋ, ರೈಸಿಂಗ್ ಮೇನ್‌ನ (ಪಂಪ್ ಎತ್ತಿದ ನೀರನ್ನು ಮುಂದಕ್ಕೆ ಒಯ್ಯುವ ಪೈಪ್) ಉದ್ದ ಮತ್ತು ವ್ಯಾಸ ಬೇಕು. ಹಳೆಯ ನಕ್ಷೆ ಸಿಗಲಿಲ್ಲ ಅಂದರೆ ಆಪರೇಟರನ್ನು ಕೂರಿಸಿಕೊಂಡು ಕೇಳಿ. ಯಾವ ಪಂಪ್ ಎಷ್ಟು ಸಲ ಎತ್ತಿದ್ದಾರೆ, ಪೈಪ್ ಎಲ್ಲಿ ಒಡೆದಿತ್ತು, ಯಾವ ವಾಲ್ವ್ ತಿರುಗುವುದಿಲ್ಲ ಅನ್ನುವುದು ಅವರಿಗೆ ಗೊತ್ತಿರುತ್ತದೆ. "ಮೋಟರ್ ತಿರಗ್ತದ ಸಾಹೇಬ್ರ, ನೀರ ಮ್ಯಾಲ ಹೋಗವಲ್ದು" ಅಂತ ಆಪರೇಟರ್ ಹೇಳಿದರೆ ಅದನ್ನು ಹಾಗೇ ಬರೆದುಕೊಳ್ಳಿ. ಮುಂದಿನ ಎರಡು ಹಂತ ಆ ಮಾತಿನ ಕಾರಣ ಹುಡುಕುವುದಕ್ಕೇ ಇವೆ.

3. ಪಂಪ್ ನಿಜವಾಗಿ ಎಷ್ಟು ಎತ್ತುತ್ತಿದೆ?

ಇಡೀ ಕೆಲಸದಲ್ಲಿ ಇದೇ ಮುಖ್ಯ. ಅರ್ಧ ದಿನ ಕೊಡಿ.

ಮೊದಲು ಎಲ್ಲ ಪಂಪ್ ನಿಲ್ಲಿಸಿ. ಬಾವಿಯ ನೀರು ಎಷ್ಟು ನಿಮಿಷದಲ್ಲಿ ಎಷ್ಟು ಏರುತ್ತದೆ ನೋಡಿ. ಒಳಬರುವ ಪೈಪಿನ ಮಟ್ಟಕ್ಕಿಂತ ನೀರು ಕೆಳಗಿರುವಾಗಲೇ ಇದನ್ನು ಮಾಡಬೇಕು. ನೀರು ಪೈಪಿನೊಳಗೆ ಹಿಂದಕ್ಕೆ ತುಂಬತೊಡಗಿದರೆ ಲೆಕ್ಕ ಕೆಡುತ್ತದೆ.

ಬಾವಿಯ ವ್ಯಾಸ 4 ಮೀಟರ್ ಅಂತಿಟ್ಟುಕೊಳ್ಳಿ. ಅದರ ಅಡಿಯ ವಿಸ್ತೀರ್ಣ 12.57 ಚದರ ಮೀಟರ್. 5 ನಿಮಿಷದಲ್ಲಿ ನೀರು 30 ಸೆಂಟಿಮೀಟರ್ ಏರಿದರೆ ಬಂದ ನೀರು 3.77 ಘನ ಮೀಟರ್. ಅಂದರೆ ಒಳಹರಿವು ಸೆಕೆಂಡಿಗೆ 12.6 ಲೀಟರ್.

ಈಗ ಒಂದೇ ಪಂಪ್ ಓಡಿಸಿ. 4 ನಿಮಿಷದಲ್ಲಿ ನೀರು 40 ಸೆಂಟಿಮೀಟರ್ ಇಳಿಯಿತು ಅನ್ನಿ. ಅದು 5.03 ಘನ ಮೀಟರ್, ಸೆಕೆಂಡಿಗೆ 20.9 ಲೀಟರ್. ಆ ಹೊತ್ತಿನಲ್ಲೂ ಒಳಗೆ ನೀರು ಬರುತ್ತಲೇ ಇತ್ತು, ಅಲ್ವಾ? ಹಾಗಾಗಿ ಎರಡನ್ನೂ ಕೂಡಿಸಿ: ಸೆಕೆಂಡಿಗೆ 33.5 ಲೀಟರ್. ನೇಮ್‌ಪ್ಲೇಟಿನಲ್ಲಿ 50 ಅಂತ ಇದ್ದರೆ ಮೂರರಲ್ಲಿ ಒಂದು ಪಾಲು ಎಲ್ಲೋ ಹೋಗಿದೆ. ಈ ಒಳಹರಿವನ್ನು ಕೂಡಿಸಲು ಮರೆತು ಒಳ್ಳೆಯ ಪಂಪನ್ನು ಕೆಟ್ಟಿದೆ ಅಂತ ಬರೆದ ವರದಿಗಳು ಬಹಳ.

ಒಂದೊಂದೇ ಪಂಪಿಗೆ ಇದೇ ಪರೀಕ್ಷೆ ಮಾಡಿ, ಮೂರು ಸಲ. ಆಮೇಲೆ ನಿಂತಿರುವ ಪಂಪಿನ ಸ್ಲೂಸ್ ವಾಲ್ವ್ (ಪೈಪ್ ಮುಚ್ಚುವ ಗೇಟ್ ವಾಲ್ವ್) ಮುಚ್ಚಿ ಮತ್ತೊಮ್ಮೆ ಅಳೆಯಿರಿ. ಈಗ ಲೆಕ್ಕ 33.5ರಿಂದ 42ಕ್ಕೆ ಜಿಗಿದರೆ ಪಂಪ್ ಅಷ್ಟೇನೂ ಕೆಟ್ಟಿಲ್ಲ. ನಿಂತ ಪಂಪಿನ ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಸೋರುತ್ತಿದೆ. ಎತ್ತಿದ ನೀರು ಅದರ ಮೂಲಕ ಮತ್ತೆ ಬಾವಿಗೇ ಬೀಳುತ್ತಿದೆ. ಎನ್‌ಆರ್‌ವಿ ಬಾಗಿಲಿಗೆ ಒಂದು ಬಟ್ಟೆ ಚೂರು ಸಿಕ್ಕಿಕೊಂಡರೂ ಹೀಗಾಗುತ್ತದೆ. ಪಂಪ್ ಆಫ್ ಆದ ಮೇಲೆ ಶಾಫ್ಟ್ ಹಿಂದಕ್ಕೆ ತಿರುಗುವುದು, ಬಾವಿಯ ನೀರು ದಿಢೀರನೆ ಏರುವುದು ಇದರ ಗುರುತು.

ತಿರುಗುವ ದಿಕ್ಕನ್ನೂ ಇಲ್ಲೇ ನೋಡಿಬಿಡಿ. ಟ್ರಾನ್ಸ್‌ಫಾರ್ಮರ್ ಬದಲಾದ ಮೇಲೆ, ಕೇಬಲ್ ಜಾಯಿಂಟ್ ಹಾಕಿದ ಮೇಲೆ ಎರಡು ಫೇಸ್ ಅದಲುಬದಲಾಗಿರುವುದು ಮಾಮೂಲು. ಉಲ್ಟಾ ತಿರುಗಿದರೂ ಪಂಪ್ ಸ್ವಲ್ಪ ನೀರು ಕೊಡುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಸಬ್‌ಮರ್ಸಿಬಲ್ ಪಂಪನ್ನು ಚೈನಿನಲ್ಲಿ ತೂಗಿಸಿ ಕ್ಷಣಕಾಲ ಆನ್ ಮಾಡಿ. ಪಂಪಿನ ಮೈ ಇಂಪೆಲ್ಲರ್ (ಒಳಗಿನ ನೀರು ತಳ್ಳುವ ಚಕ್ರ) ತಿರುಗುವ ದಿಕ್ಕಿಗೆ ಎದುರಾಗಿ ಒದೆಯುತ್ತದೆ. ಮೈ ಮೇಲಿನ ಬಾಣದ ಗುರುತಿನೊಂದಿಗೆ ಹೋಲಿಸಿ.

4. ತಪ್ಪು ಪಂಪಿನದೋ ಪೈಪಿನದೋ

ಪಂಪ್ ಮತ್ತು ಎನ್‌ಆರ್‌ವಿ ನಡುವೆ ಗೇಜ್ ಹಾಕಿ. 1 ಕೆಜಿ ಅಂದರೆ ಸುಮಾರು 10 ಮೀಟರ್ ಎತ್ತರ. ಗೇಜ್ 1.4 ತೋರಿಸುತ್ತಿದೆ, ಗೇಜಿನಿಂದ ಬಾವಿ ನೀರಿಗೆ 5.5 ಮೀಟರ್ ಇದೆ ಅಂದರೆ ಒಟ್ಟು ಹೆಡ್ (ಪಂಪ್ ನೀರನ್ನು ತಳ್ಳುತ್ತಿರುವ ಒತ್ತಡ, ಎತ್ತರದ ಲೆಕ್ಕದಲ್ಲಿ) ಹತ್ತಿರಹತ್ತಿರ 19.5 ಮೀಟರ್.

ಈಗ ನೇಮ್‌ಪ್ಲೇಟ್ ನೋಡಿ. 50 ಲೀಟರ್, 24 ಮೀಟರ್ ಅಂತಿದೆ ಅನ್ನೋಣ. ಸರಿಯಾಗಿರುವ ಪಂಪಿನಲ್ಲಿ ನೀರು ಕಡಿಮೆಯಾದರೆ ಹೆಡ್ ಏರಬೇಕು. ಇಲ್ಲಿ ನೀರೂ ಕಡಿಮೆ, ಹೆಡ್ಡೂ ಕಡಿಮೆ. ಹಾಗಾದರೆ ಪಂಪೇ ಸವೆದಿದೆ. ವೇರ್ ರಿಂಗ್ (ಇಂಪೆಲ್ಲರ್ ಸುತ್ತಲಿನ ಸವೆಯುವ ಬಳೆ) ಸಡಿಲವಾಗಿದೆ, ಇಂಪೆಲ್ಲರ್ ತಿಂದುಹೋಗಿದೆ, ಇಲ್ಲಾ ಅದಕ್ಕೆ ಬಟ್ಟೆ ಸುತ್ತಿಕೊಂಡಿದೆ. ಎನ್‌ಆರ್‌ವಿ ಸೋರಿಕೆ ಮತ್ತು ಉಲ್ಟಾ ದಿಕ್ಕು ಎರಡೂ ಅಲ್ಲ ಅಂತ ಮೂರನೇ ಹಂತದಲ್ಲೇ ಖಾತ್ರಿ ಮಾಡಿಕೊಂಡಿರಬೇಕು.

ಅದೇ 33.5 ಲೀಟರಿಗೆ ಹೆಡ್ 29 ಮೀಟರ್ ಬಂದರೆ ಕಥೆಯೇ ಬೇರೆ. ಪಂಪ್ ಗಟ್ಟಿಯಾಗಿದೆ, ಮುಂದೆ ಏನೋ ತಡೆಯುತ್ತಿದೆ. ಅರ್ಧ ಮುಚ್ಚಿದ ವಾಲ್ವ್, ರೈಸಿಂಗ್ ಮೇನ್‌ನಲ್ಲಿ ಹೂಳು, ಎತ್ತರದ ಜಾಗದಲ್ಲಿ ಸಿಕ್ಕ ಗಾಳಿ ಇವುಗಳಲ್ಲಿ ಒಂದು ಇರುತ್ತದೆ. ಮೊದಲು ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ. ಸ್ಪಿಂಡಲ್ ತಿರುಗಿದರೂ ಒಳಗಿನ ಗೇಟ್ ಕಳಚಿ ಕೆಳಗೇ ಕೂತಿರುವ ವಾಲ್ವ್‌ಗಳು ಹಳೆಯ ಪಂಪ್‌ಹೌಸ್‌ಗಳಲ್ಲಿ ಇರುತ್ತವೆ. ಆಮೇಲೆ ಪೈಪಿನಲ್ಲಿ ಸಿಕ್ಕ ಗಾಳಿ ಹೊರಬಿಡುವ ಏರ್ ವಾಲ್ವ್‌ಗಳನ್ನು ಒಂದೊಂದಾಗಿ ಬಿಚ್ಚಿಸಿ. ಅವುಗಳ ಬಾಯಿಗೆ ಗ್ರೀಸಿನಂಥ ಜಿಡ್ಡು ಗಟ್ಟಿಯಾಗಿ ಕೂತಿರುತ್ತದೆ.

ಹೂಳು ಯಾಕೆ ಕೂರುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. 250 ಮಿಲಿಮೀಟರ್ ಪೈಪಿನಲ್ಲಿ 50 ಲೀಟರ್ ಹರಿದರೆ ವೇಗ ಸೆಕೆಂಡಿಗೆ 1.02 ಮೀಟರ್. 33.5 ಲೀಟರ್ ಆದರೆ 0.68 ಮಾತ್ರ. ಸೆಕೆಂಡಿಗೆ 0.8 ಮೀಟರಿಗಿಂತ ಕೆಳಗೆ ಇಳಿದರೆ ಮರಳು ಮುಂದೆ ಹೋಗುವುದಿಲ್ಲ, ತಳದಲ್ಲಿ ಕೂರುತ್ತದೆ. ಪಂಪ್ ಸವೆದಂತೆ ಪೈಪ್ ಕಟ್ಟುತ್ತದೆ, ಪೈಪ್ ಕಟ್ಟಿದಂತೆ ಪಂಪ್ ಇನ್ನೂ ಕಡಿಮೆ ಎತ್ತುತ್ತದೆ. ಕಲಬುರಗಿ ಸುತ್ತಲಿನ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗೆ ಉಬ್ಬುತ್ತದೆ. ಆ ಎಳೆತಕ್ಕೆ ಚರಂಡಿ ಪೈಪಿನ ಜಾಯಿಂಟ್ ಬಿಡುತ್ತದೆ, ಮಣ್ಣು ಒಳಗೆ ಬರುತ್ತದೆ. ನಿಮ್ಮ ಏರಿಯಾದಲ್ಲಿ ಶಹಾಬಾದ್ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಘಟಕ ಇದ್ದರೆ ಅದರ ಬಿಳಿ ಕೆಸರು ಎಲ್ಲಿಗೆ ಹೋಗುತ್ತಿದೆ ಅಂತಲೂ ಹೋಗಿ ನೋಡಿ.

ಕಟ್ಟಿದ ಪೈಪಿಗೆ ದೊಡ್ಡ ಪಂಪ್ ಹಾಕಿದರೆ ಏನಾಗುತ್ತದೆ? ನೀರು ಎರಡು ಪಟ್ಟಾದರೆ ಪೈಪಿನೊಳಗಿನ ಉಜ್ಜಾಟದ ಹೆಡ್ ಸುಮಾರು ನಾಲ್ಕು ಪಟ್ಟಾಗುತ್ತದೆ. ಕರೆಂಟ್ ಉರಿಯುತ್ತದೆ, ನೀರು ಸ್ವಲ್ಪವೇ ಏರುತ್ತದೆ, ಹಳೆಯ ಜಾಯಿಂಟ್ ಒಡೆಯುತ್ತದೆ. ಎರಡು ಪಂಪ್ ಒಟ್ಟಿಗೆ ಓಡಿಸಿದರೂ ನೀರು ಎರಡರಷ್ಟು ಬರದಿರುವುದು ಇದಕ್ಕೇ.

5. ಕರೆಂಟಿನ ಕಡೆ

ಮೂರೂ ಫೇಸಿನ ವೋಲ್ಟೇಜ್ ಮತ್ತು ಆಂಪ್ಸ್ ಬರೆದುಕೊಳ್ಳಿ, ಪಂಪ್ ಓಡುತ್ತಿರುವಾಗಲೇ. ಮೂರು ಫೇಸ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸ 1 ಶೇಕಡಾ ದಾಟಿದರೆ ಮೋಟಾರ್ ಬಿಸಿಯಾಗತೊಡಗುತ್ತದೆ. 5 ಶೇಕಡಾ ಇದ್ದರೆ ಓಡಿಸಲೇಬೇಡಿ. ವೈಂಡಿಂಗ್ ಪದೇ ಪದೇ ಸುಡುತ್ತಿದ್ದರೆ ರಿವೈಂಡಿಂಗ್ ಮಾಡಿದವರನ್ನು ಬೈಯುವ ಮೊದಲು ಇದನ್ನು ನೋಡಿ.

"ಆಂಪ್ಸ್ ಕಡಿಮೆ ಇದೆ, ಪಂಪ್ ಚೆನ್ನಾಗಿದೆ" ಅನ್ನುವುದು ಎಲ್ಲ ಕಡೆ ಕೇಳುವ ತಪ್ಪು. ಸವೆದ ಪಂಪ್ ಕಡಿಮೆ ನೀರು ಎತ್ತುತ್ತದೆ, ಅದಕ್ಕೇ ಆಂಪ್ಸ್ ಕಡಿಮೆ.

ಮೀಟರಿನಲ್ಲಿ ಎಳೆಯುವ ಪವರ್ ನೋಡಿ ದಕ್ಷತೆ ಲೆಕ್ಕ ಹಾಕಿ. 33.5 ಲೀಟರನ್ನು 19.5 ಮೀಟರ್ ಎತ್ತಲು ನೀರಿಗೆ ಸೇರುವ ಶಕ್ತಿ 6.4 ಕಿಲೋವಾಟ್. ಮೀಟರ್ 15 ತೋರಿಸಿದರೆ ದಕ್ಷತೆ 43 ಶೇಕಡಾ. 60 ಶೇಕಡಾ ಕೊಡುವ ಸೆಟ್ ಇದೇ ಕೆಲಸವನ್ನು 10.7 ಕಿಲೋವಾಟಿನಲ್ಲಿ ಮಾಡುತ್ತದೆ. ದಿನಕ್ಕೆ 16 ಗಂಟೆ ಓಡಿದರೆ ಸುಮಾರು 69 ಯೂನಿಟ್ ಉಳಿತಾಯ. ಎಸ್ಟಿಮೇಟ್ ಮಂಜೂರಾಗಲು ಈ ಒಂದು ಸಾಲು ಬಹಳ ಸಹಾಯ ಮಾಡುತ್ತದೆ.

ಪವರ್ ಆಫ್ ಮಾಡಿ, ಲಾಕ್ ಹಾಕಿ, ಕೇಬಲ್ ಬಿಚ್ಚಿ ಮೆಗ್ಗರ್ ಹಿಡಿಯಿರಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಪಂಪ್ ಎತ್ತಲೇಬೇಕು. ಅರ್ಥಿಂಗ್ ಅಳತೆ ಮೇ ತಿಂಗಳಲ್ಲಿ ಮಾಡಿ. ಒಣಗಿದ ಎರೆ ಮಣ್ಣು ಅರ್ಥ್ ಪೈಪನ್ನು ಬಿಟ್ಟು ನಿಂತಿರುತ್ತದೆ. ಮಳೆಗಾಲದಲ್ಲಿ ಅಳೆದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ.

6. ಕಟ್ಟಡ ಮತ್ತು ಬಾವಿ

ನೀರಿನ ಗೆರೆಗಿಂತ ಮೇಲಿನ ಗೋಡೆಯನ್ನು ಉದ್ದ ಕೋಲಿಗೆ ಕಟ್ಟಿದ ಸ್ಕ್ರೂಡ್ರೈವರ್‌ನಿಂದ ಕೆರೆದು ನೋಡಿ. ನೆನೆದ ಸುಣ್ಣದ ಹಾಗೆ ಬಿಳಿ ಮುದ್ದೆ ಬಂದರೆ ಗ್ಯಾಸಿನಿಂದಾದ ಆಮ್ಲ ಕಾಂಕ್ರೀಟನ್ನು ತಿಂದಿದೆ. ಒಳಗಿನ ಕಬ್ಬಿಣ ಕಂಡರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. ಬರೀ ಪ್ಲಾಸ್ಟರ್ ಬಳಿದು ಮುಚ್ಚಬೇಡಿ. ತುಕ್ಕು ಹಿಡಿದ ಮೆಟ್ಟಿಲು, ಜಾಳಿಗೆಯ ಮೇಲೆ ಯಾರೂ ಕಾಲಿಡದಂತೆ ಅಂದೇ ಹಗ್ಗ ಕಟ್ಟಿಸಿ.

ಯಾದಗಿರಿಯಂತೆ ಭೀಮಾ ನದಿಯ ಪಕ್ಕದ ಊರುಗಳಲ್ಲಿ ಇನ್ನೊಂದು ಅಳತೆ ಬೇಕು. 2020ರ ಅಕ್ಟೋಬರ್ ಪ್ರವಾಹದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಸುತ್ತಲಿನವರನ್ನು ಕೇಳಿ ಗೋಡೆಗೆ ಗುರುತು ಹಾಕಿ. ಪ್ಯಾನೆಲ್, ಜನರೇಟರ್ ಎರಡೂ ಅದಕ್ಕಿಂತ ಮೇಲಿರಬೇಕು.

7. ಎಷ್ಟು ಸಾಮರ್ಥ್ಯ ಬೇಕು?

ಆ ಪಂಪ್‌ಹೌಸಿಗೆ ಸೇರುವ ಬಡಾವಣೆಗಳ ಜನಸಂಖ್ಯೆ 15,000 ಅಂತಿರಲಿ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರ 80 ಶೇಕಡಾ ಚರಂಡಿಗೆ. ಸರಾಸರಿ ಸೆಕೆಂಡಿಗೆ 18.75 ಲೀಟರ್. ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಕೈಪಿಡಿ ಪ್ರಕಾರ 20,000 ಜನರವರೆಗೆ ಪೀಕ್ ಗುಣಕ (ಅತಿ ಹೆಚ್ಚಿನ ಹರಿವು ಸರಾಸರಿಯ ಎಷ್ಟು ಪಟ್ಟು) 3. ಅಂದರೆ 56 ಲೀಟರ್. ಇರುವ ಅತಿ ದೊಡ್ಡ ಪಂಪ್ ಕೆಟ್ಟು ನಿಂತರೂ ಉಳಿದವು ಈ 56 ಲೀಟರ್ ಎತ್ತಬೇಕು.

ಕಾಗದದ ಲೆಕ್ಕ ಸಾಲದು. ನಮ್ಮ ಊರುಗಳಲ್ಲಿ ದಿನ ಬಿಟ್ಟು ದಿನ, ಕೆಲವೆಡೆ ಇನ್ನೂ ತಡವಾಗಿ ನಲ್ಲಿ ನೀರು ಬರುತ್ತದೆ. ನೀರು ಬಿಟ್ಟ ದಿನ ಎಲ್ಲರ ಮನೆಯ ಬಟ್ಟೆ, ಪಾತ್ರೆ, ಸ್ನಾನ ಒಟ್ಟಿಗೆ ನಡೆಯುತ್ತದೆ. ನಿಜವಾದ ಪೀಕ್ ಅವತ್ತೇ. ನೀರು ಬಿಡುವ ಸರದಿ ತಿಳಿದುಕೊಂಡು ಆ ದಿನ ಬೆಳಿಗ್ಗೆ ಒಳಹರಿವು ಅಳೆಯಿರಿ. ಜೋರು ಮಳೆ ಬಂದ ದಿನವೂ ಒಮ್ಮೆ ಅಳೆಯಿರಿ. ಮಳೆಗೆ ಒಳಹರಿವು ಹಲವು ಪಟ್ಟು ಏರಿದರೆ ಮಳೆನೀರು ಯುಜಿಡಿಗೆ ಸೇರುತ್ತಿದೆ. ರಸ್ತೆಯ ನೀರು ಹೋಗಲಿ ಅಂತ ಜನ ಮ್ಯಾನ್‌ಹೋಲ್ ಮುಚ್ಚಳ ಎತ್ತುತ್ತಾರೆ. ಅದನ್ನು ಪಂಪಿನಿಂದ ಗೆಲ್ಲಲಾಗುವುದಿಲ್ಲ, ಮಳೆನೀರಿನ ಚರಂಡಿ ಸರಿಮಾಡಬೇಕು. ಕಲಬುರಗಿಯಲ್ಲಿ 24×7 ನೀರಿನ ಯೋಜನೆಯ ಕೆಲಸ ನಡೆಯುತ್ತಿದೆ. ನಲ್ಲಿ ನೀರು ಹೆಚ್ಚಾದಲ್ಲೆಲ್ಲ ಚರಂಡಿ ನೀರೂ ಹೆಚ್ಚಾಗುತ್ತದೆ ಅನ್ನುವುದು ಡಿಪಿಆರ್‌ನಲ್ಲಿ (ಯೋಜನೆಯ ವಿವರವಾದ ವರದಿ) ಇರಲಿ.

ಬಾವಿಯ ಅಳತೆಯನ್ನೂ ಪರೀಕ್ಷಿಸಿ. ಪಂಪ್ ಒಮ್ಮೆ ಶುರುವಾಗಿ ಮತ್ತೆ ಶುರುವಾಗಲು ಕನಿಷ್ಠ 10 ನಿಮಿಷ ಇರಲಿ ಅಂದರೆ, 50 ಲೀಟರಿನ ಪಂಪಿಗೆ ಆನ್ ಮತ್ತು ಆಫ್ ಮಟ್ಟಗಳ ನಡುವೆ 7.5 ಘನ ಮೀಟರ್ ಜಾಗ ಬೇಕು (ಪಂಪ್ 10 ನಿಮಿಷದಲ್ಲಿ ಎತ್ತುವ ನೀರಿನ ಕಾಲು ಭಾಗ). 4 ಮೀಟರ್ ವ್ಯಾಸದ ಬಾವಿಯಲ್ಲಿ ಅದು 60 ಸೆಂಟಿಮೀಟರ್. ಕೈಪಿಡಿ 5 ನಿಮಿಷಕ್ಕಿಂತ ಕಡಿಮೆ ಆಗಬಾರದು ಅನ್ನುತ್ತದೆ. ಸರಾಸರಿ ಹರಿವಿನಲ್ಲಿ ನೀರು ಬಾವಿಯಲ್ಲಿ 30 ನಿಮಿಷಕ್ಕಿಂತ ಜಾಸ್ತಿ ನಿಲ್ಲಲೂಬಾರದು ಅನ್ನುತ್ತದೆ. ನಿಂತರೆ ಕೊಳೆಯುತ್ತದೆ, ಗ್ಯಾಸ್ ಹೆಚ್ಚುತ್ತದೆ.

8. ಬದಲಿಸುವ ಕ್ರಮ

ಕೆಲಸವನ್ನು ಚಳಿಗಾಲ ಮತ್ತು ಬೇಸಿಗೆಯಲ್ಲಿ ಮುಗಿಸಿ, ಜೂನ್ ಒಳಗೆ. ಮೊದಲ ದಿನವೇ ಬೈಪಾಸ್ ವ್ಯವಸ್ಥೆ ನಿಲ್ಲಬೇಕು: ಮೇಲಿನ ಮ್ಯಾನ್‌ಹೋಲಿನಿಂದ ಎತ್ತಿ ರೈಸಿಂಗ್ ಮೇನ್‌ಗೆ ಕೊಡುವ ಡೀಸೆಲ್ ಪಂಪ್, ಅದಕ್ಕೊಂದು ಸ್ಟ್ಯಾಂಡ್‌ಬೈ. ಟೆಂಡರಿನಲ್ಲಿ ಇದನ್ನು ಬೇರೆ ಐಟಂ ಆಗಿ ಬರೆಯಿರಿ. ಇಲ್ಲದಿದ್ದರೆ ಗುತ್ತಿಗೆದಾರ ಕೊಳಚೆಯನ್ನು ಹಳ್ಳಕ್ಕೆ ಬಿಡುತ್ತಾನೆ.

ಆಮೇಲೆ ಸ್ಕ್ರೀನ್. ಬಟ್ಟೆ, ಸ್ಯಾನಿಟರಿ ಪ್ಯಾಡ್, ಪ್ಲಾಸ್ಟಿಕ್ ತಡೆಯದೆ ಎಂಥ ಪಂಪ್ ಹಾಕಿದರೂ ಸುಮ್ನೆ ದುಡ್ಡು ದಂಡ. ಎರಡು ಚಾನೆಲ್ ಇರಲಿ, ಒಂದನ್ನು ಮುಚ್ಚಿ ಇನ್ನೊಂದನ್ನು ಮೇಲಿನಿಂದಲೇ ಶುಚಿ ಮಾಡುವ ಹಾಗೆ.

ಮೂರನೆಯದು ವಾಲ್ವ್ ಮತ್ತು ರೈಸಿಂಗ್ ಮೇನ್ ಶುಚಿ. ನಾಲ್ಕನೆಯದಾಗಿ ಮಾತ್ರ ಪಂಪ್. ಪಂಪಿಗೆ "ಇಷ್ಟು ಎಚ್‌ಪಿ" ಅಂತ ಬರೆಯಬೇಡಿ. ಎಷ್ಟು ಲೀಟರ್, ಎಷ್ಟು ಮೀಟರ್ ಹೆಡ್, ಎಷ್ಟು ಗಾತ್ರದ ಘನವಸ್ತು ಹಾದುಹೋಗಬೇಕು, ಕನಿಷ್ಠ ದಕ್ಷತೆ ಎಷ್ಟು, ಇವಿಷ್ಟನ್ನೂ ಬರೆದು ಪಂಪಿನ ಕರ್ವ್ (ಎಷ್ಟು ಹೆಡ್‌ಗೆ ಎಷ್ಟು ನೀರು ಅಂತ ತೋರಿಸುವ ಗ್ರಾಫ್) ಕೇಳಿ. ಶುಚಿ ಮಾಡಿದ ಪೈಪಿನ ಹೆಡ್ ಮೇಲೆ ಆಯ್ಕೆ ಮಾಡಿ, ಕಟ್ಟಿದ ಪೈಪಿನ ಮೇಲೆ ಅಲ್ಲ. ಗೈಡ್ ರೇಲ್ ಮತ್ತು ಆಟೋ ಕಪ್ಲಿಂಗ್ ಕಡ್ಡಾಯವಾಗಿರಲಿ, ಪಂಪ್ ಎತ್ತಲು ಯಾರೂ ಇಳಿಯಬೇಕಾಗುವುದಿಲ್ಲ.

ಕೊನೆಗೆ ಪ್ಯಾನೆಲ್. ಒಂದು ಫೇಸ್ ಹೋದರೆ ಪಂಪ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್, ಫೇಸ್ ಅದಲುಬದಲಾದರೆ ತಡೆಯುವ ರಿಲೇ, ಲೆವೆಲ್ ಸೆನ್ಸರ್, ಅದು ಕೈಕೊಟ್ಟರೆ ಕೆಲಸ ಮಾಡಲು ಫ್ಲೋಟ್ ಸ್ವಿಚ್, ಮಟ್ಟ ಮೀರಿದರೆ ಮೊಬೈಲಿಗೆ ಮೆಸೇಜ್. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಹಾಕುವುದಾದರೆ ನಮ್ಮ ಬಿಸಿಲನ್ನು ನೆನಪಿಡಿ. ಬಹಳಷ್ಟು ಡ್ರೈವ್‌ಗಳು 40 ಡಿಗ್ರಿವರೆಗೆ ಮಾತ್ರ ಪೂರ್ತಿ ಸಾಮರ್ಥ್ಯ ಕೊಡುತ್ತವೆ. ತಗಡಿನ ಶೆಡ್ಡಿನಲ್ಲಿ ಮೇ ತಿಂಗಳ ಮಧ್ಯಾಹ್ನ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಒಂದು ಗಾತ್ರ ದೊಡ್ಡದು ತೆಗೆದುಕೊಳ್ಳಿ, ಗಾಳಿಯಾಡುವ ಆರ್‌ಸಿಸಿ ಕೋಣೆ ಕೊಡಿ.

9. ಬಿಲ್ ಪಾಸ್ ಮಾಡುವ ಮೊದಲು, ಮತ್ತು ಆಮೇಲೆ

ಮೂರನೇ, ನಾಲ್ಕನೇ ಹಂತದ ಪರೀಕ್ಷೆಗಳನ್ನು ಗುತ್ತಿಗೆದಾರನ ಎದುರೇ ಮತ್ತೆ ಮಾಡಿ. ಪ್ರತಿ ಪಂಪಿನ ಲೀಟರ್, ಹೆಡ್, ಕಿಲೋವಾಟ್ ಬರೆದು ಇಬ್ಬರೂ ಸಹಿ ಹಾಕಿ. ಕರೆಂಟ್ ತೆಗೆದು ಜನರೇಟರ್ ಮೇಲೂ ಓಡಿಸಿ ನೋಡಿ. ನೀರು ಬಿಡುವ ಒಂದು ದಿನವಾದರೂ ಟ್ರಯಲ್ ಅವಧಿಯೊಳಗೆ ಬರಲಿ.

ಬಾವಿಯ ಗೋಡೆಗೆ ಅಳತೆ ಪಟ್ಟಿ ಹಾಕಿಸಿ. ಆನ್ ಮಟ್ಟದಿಂದ ಆಫ್ ಮಟ್ಟಕ್ಕೆ ಇಳಿಯಲು ಹಿಡಿಯುವ ನಿಮಿಷವನ್ನು ಆಪರೇಟರ್ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ಬರೆಯಲಿ. ಅವರ್ ಮೀಟರ್ ರೀಡಿಂಗೂ ಇರಲಿ. ಇಳಿಯುವ ಸಮಯ ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗುತ್ತಿದ್ದರೆ, ಒಂದು ಪಂಪ್ ಇನ್ನೊಂದಕ್ಕಿಂತ ತುಂಬಾ ಹೆಚ್ಚು ಗಂಟೆ ಓಡುತ್ತಿದ್ದರೆ, ಪಂಪ್ ನಿಂತಾಗ ಪೈಪಿನಲ್ಲಿ ಸುತ್ತಿಗೆಯ ಪೆಟ್ಟಿನಂಥ ಸದ್ದು ಬಂದರೆ ತಡಮಾಡಬೇಡಿ. ಮೊದಲು ಎನ್‌ಆರ್‌ವಿ ಬಿಚ್ಚಿಸಿ, ಆಮೇಲೆ ಪಂಪ್ ಎತ್ತಿಸಿ ಇಂಪೆಲ್ಲರ್ ನೋಡಿ, ಎರಡೂ ಸರಿಯಿದ್ದರೆ ಗೇಜ್ ಹಾಕಿ ರೈಸಿಂಗ್ ಮೇನ್ ಪರೀಕ್ಷಿಸಿ. ಮೆಕ್ಯಾನಿಕಲ್ ಸೀಲ್, ಬೇರಿಂಗ್, ವೇರ್ ರಿಂಗ್, ಒಂದು ಸ್ಪೇರ್ ಇಂಪೆಲ್ಲರ್ ಪಂಪ್‌ಹೌಸಿನ ಬೀರುವಿನಲ್ಲೇ ಇರಲಿ, ಬೀಗದ ಕೈ ಆಪರೇಟರ್ ಬಳಿಯೇ ಇರಲಿ.